ಹಲವು ಘಟಕ, ಒಂದೇ ಕಟ್ಟು: ಮೇವನ್ ಸಾಧನದ ಒಂದು ವಿಮರ್ಶೆ

ಮನೆಯನ್ನೂ ಕಟ್ಟುತ್ತೇವೆ, ಬುತ್ತಿಯನ್ನೂ ಕಟ್ಟುತ್ತೇವೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಕ್ರಿಯಾಪದಗಳು ಬೇಕು. ಕನ್ನಡಕ್ಕೆ ಒಂದೇ ಸಾಕು. ತಂತ್ರಾಂಶದ ವಿಷಯದಲ್ಲಂತೂ ನಮ್ಮ ಪದವೇ ಹೆಚ್ಚು ಸರಿ ಎಂದು ನನಗೆ ಅನ್ನಿಸಿದೆ. ಕ್ರಮವಿಧಿಯನ್ನು ಬರೆದು ಮುಗಿಸಿದ ಮಾತ್ರಕ್ಕೆ ಅದು ಬಳಸುವವರ ಕೈ ಸೇರುವುದಿಲ್ಲ. ಬರೆದುದನ್ನು ಕಂಪೈಲ್ ಮಾಡಬೇಕು, ಪರೀಕ್ಷಿಸಬೇಕು, ಅದು ಅವಲಂಬಿಸಿರುವ ಲೈಬ್ರರಿಗಳನ್ನು ಜೊತೆಗೂಡಿಸಬೇಕು. ಕೊನೆಗೆ ಪರವಾನಗಿ ಪತ್ರ, ಪ್ರಾರಂಭಿಸುವ ಸ್ಕ್ರಿಪ್ಟ್, ಕೈಪಿಡಿ ಎಲ್ಲವನ್ನೂ ಸೇರಿಸಿ ಒಂದು ಜಿಪ್ ಕಡತವಾಗಿ ಕಟ್ಟಿಕೊಡಬೇಕು. ಮೊದಲನೆಯದು ಮನೆ ಕಟ್ಟುವ ಕೆಲಸ, ಕೊನೆಯದು ಬುತ್ತಿ ಕಟ್ಟುವ ಕೆಲಸ. ನಮ್ಮ ಪಠ್ಯಪುಸ್ತಕಗಳು ಮೊದಲನೆಯದರ ಬಗ್ಗೆ ಅಧ್ಯಾಯಗಟ್ಟಲೆ ಬರೆಯುತ್ತವೆ. ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ತೊಡಕು ಇರುವುದು ಈ ಎರಡನೆಯದರಲ್ಲೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ನಿಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಂಥಾಲಯಕ್ಕಾಗಿ ಜಾವಾ ಭಾಷೆಯಲ್ಲಿ ತಂತ್ರಾಂಶವೊಂದನ್ನು ಬರೆಯುತ್ತಿದ್ದಾರೆ. ಪುಸ್ತಕಗಳ ಪಟ್ಟಿಗೆ ಒಂದು ಘಟಕ, ಎರವಲಿನ ಲೆಕ್ಕಕ್ಕೆ ಒಂದು, ವರದಿಗಳಿಗೆ ಒಂದು, ಬಾರ್‌ಕೋಡ್ ಯಂತ್ರದೊಡನೆ ವ್ಯವಹರಿಸಲು ಒಂದು, ಎಲ್ಲಕ್ಕೂ ಸಾಮಾನ್ಯವಾದ ಕೆಲಸಗಳಿಗೆ ಎರಡು. ಒಟ್ಟು ಆರು ಘಟಕಗಳು. ಇವುಗಳಲ್ಲಿ ಮೂರು ಬೇರೆ ಬೇರೆ ಗಣಕಗಳಲ್ಲಿ ಓಡಬೇಕು. ಹಾಗಾಗಿ ಮೂರು ಪೊಟ್ಟಣಗಳು ಬೇಕು. ಮೂರರ ಒಳವಿನ್ಯಾಸವೂ ಒಂದೇ: ಒಂದು ಕೋಶದಲ್ಲಿ ಲೈಬ್ರರಿಗಳು, ಇನ್ನೊಂದರಲ್ಲಿ ಸ್ಕ್ರಿಪ್ಟ್, ಹೊರಗೆ ಪರವಾನಗಿ ಪತ್ರ. ಮೊದಲ ಪೊಟ್ಟಣಕ್ಕೆ ಈ ವಿನ್ಯಾಸವನ್ನು ವಿವರಿಸುವ ಕಡತ ಬರೆದ ವಿದ್ಯಾರ್ಥಿನಿ ಉಳಿದ ಎರಡಕ್ಕೆ ಏನು ಮಾಡುತ್ತಾಳೆ? ನಕಲು ಮಾಡುತ್ತಾಳೆ. ಅವಳ ಜಾಗದಲ್ಲಿ ನೀವಿದ್ದರೂ ನಾನಿದ್ದರೂ ಅದನ್ನೇ ಮಾಡುತ್ತಿದ್ದೆವು. ತಿಂಗಳಾದ ಮೇಲೆ ಒಂದು ನಕಲಿನಲ್ಲಿ ಮಾತ್ರ ತಿದ್ದುಪಡಿಯಾಗುತ್ತದೆ. ಮತ್ತೆ ತಿಂಗಳಾದ ಮೇಲೆ, ಮೂರರಲ್ಲಿ ಯಾವುದು ಸರಿಯಾದದ್ದು ಎಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ.

ಇದು ಕೇವಲ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಎರಡು ಘಟನೆಗಳನ್ನು ನೋಡಿ. ಜಾವಾ ಲೈಬ್ರರಿಗಳ ಕೇಂದ್ರ ಭಂಡಾರವಾದ ಮೇವನ್ ಸೆಂಟ್ರಲ್, ರಕ್ಷಣೆಯಿಲ್ಲದ ಎಚ್‌ಟಿಟಿಪಿ ವಿಳಾಸದಿಂದ ಬರುವ ಕೋರಿಕೆಗಳನ್ನು 2020ರ ಜನವರಿ 15ರಿಂದ ನಿಲ್ಲಿಸಿತು. ಕೇಳಿದವರಿಗೆ ಲೈಬ್ರರಿಯ ಬದಲು 501 ಎಂಬ ದೋಷಸಂಖ್ಯೆ ಮರಳುತ್ತಿತ್ತು. ಭಂಡಾರದ ವಿಳಾಸವನ್ನು ಒಂದೇ ಕಡೆ ಬರೆದಿಟ್ಟವರು ಒಂದು ಅಕ್ಷರ ಸೇರಿಸಿ ಸುಮ್ಮನಾದರು. ಘಟಕಕ್ಕೊಂದು ನಕಲು ಇಟ್ಟವರು ಘಟಕಗಳನ್ನು ಎಣಿಸಬೇಕಾಯಿತು. ಎರಡನೆಯದು ಇದಕ್ಕಿಂತ ಗಂಭೀರವಾದದ್ದು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ದಾಖಲೆ ಲೈಬ್ರರಿಯಲ್ಲಿ ಭಾರಿ ಭದ್ರತಾ ದೋಷ ಬೆಳಕಿಗೆ ಬಂತು. ಅದರ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಬಿದ್ದಿತ್ತು. ಪರಿಹಾರವಾಗಿ 2.15.0, 2.16.0, 2.17.0, 2.17.1 ಎಂದು ಆ ಒಂದೇ ತಿಂಗಳಲ್ಲಿ ನಾಲ್ಕು ಆವೃತ್ತಿಗಳು ಬಂದವು. ಆವೃತ್ತಿಯ ಸಂಖ್ಯೆಯನ್ನು ಹನ್ನೆರಡು ಘಟಕಗಳಲ್ಲಿ ಬರೆದುಕೊಂಡಿದ್ದ ತಂಡ ನಲವತ್ತೆಂಟು ಕಡೆ ತಿದ್ದಬೇಕು. ಒಂದು ಕಡೆ ತಪ್ಪಿದರೂ ಬಾಗಿಲು ತೆರೆದೇ ಇರುತ್ತದೆ.

ಅಷ್ಟೇ ಅಲ್ಲ, ಪೊಟ್ಟಣ ಕಟ್ಟುವ ರೀತಿಯೂ ಅಂದು ತೊಂದರೆ ಕೊಟ್ಟಿತು. ಲೈಬ್ರರಿಗಳನ್ನೆಲ್ಲ ಬಿಚ್ಚಿ, ಅವುಗಳ ಒಳಗಿನ ಕಡತಗಳನ್ನು ಒಂದೇ ದೊಡ್ಡ ಜಾರ್ ಕಡತಕ್ಕೆ ಸುರಿಯುವ ಪದ್ಧತಿಯೊಂದಿದೆ. ಹಾಗೆ ಕಟ್ಟಿದ ತಂತ್ರಾಂಶದಲ್ಲಿ ಲಾಗ್‌ಫೋರ್‌ಜೆ ಎಂಬ ಹೆಸರಿನ ಕಡತಕ್ಕಾಗಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ದೋಷಯುಕ್ತ ಭಾಗ ಮಾತ್ರ ಒಳಗೇ ಇತ್ತು. ಪೊಟ್ಟಣದ ವಿನ್ಯಾಸವನ್ನು ಗೌಣವೆಂದು ಭಾವಿಸುವವರು ಈ ಒಂದು ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಇಷ್ಟು ಪೀಠಿಕೆಯ ನಂತರ ಮೇವನ್‌ಗೆ ಬರೋಣ. ಕಟ್ಟುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಸಾಧನಗಳ ಮೂಲಪುರುಷ ಎಂದರೆ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದ ಮೇಕ್. ಜಾವಾ ಲೋಕದಲ್ಲಿ ಅದರ ಸ್ಥಾನವನ್ನು 2000ದ ಹೊತ್ತಿಗೆ ಆಂಟ್ ಆಕ್ರಮಿಸಿತು. ಅಪಾಚೆ ಸಂಸ್ಥೆಯ ಟರ್ಬೈನ್ ಯೋಜನೆಯಲ್ಲಿ ಹಲವು ಉಪಯೋಜನೆಗಳಿದ್ದವು; ಒಂದೊಂದಕ್ಕೂ ತನ್ನದೇ ಆದ ಆಂಟ್ ಕಡತ, ಒಂದೊಂದೂ ಇನ್ನೊಂದಕ್ಕಿಂತ ಸ್ವಲ್ಪ ಸ್ವಲ್ಪ ಭಿನ್ನ. ಈ ಗೋಜಲನ್ನು ಬಿಡಿಸಲೆಂದೇ ಮೇವನ್ ಹುಟ್ಟಿತು. ಅದರ 1.0 ಆವೃತ್ತಿ 2004ರಲ್ಲಿ, ಇಂದಿಗೂ ನಾವು ಬಳಸುವ ವಿನ್ಯಾಸಕ್ಕೆ ತಳಹದಿಯಾದ 2.0 ಆವೃತ್ತಿ 2005ರಲ್ಲಿ ಬಂದವು. ಎಂದರೆ ನಕಲಿನ ಪಿಡುಗನ್ನು ತೊಡೆಯುವುದೇ ಅದರ ಜನ್ಮೋದ್ದೇಶ. ಆ ಉದ್ದೇಶ ಎಷ್ಟರಮಟ್ಟಿಗೆ ಈಡೇರಿದೆ ಎಂದು ಕೇಳುವುದು ಹಾಗಾಗಿ ಅನ್ಯಾಯವಾಗಲಾರದು.

ಮೇವನ್‌ನಲ್ಲಿ ಪ್ರತಿ ಘಟಕಕ್ಕೂ ಪಾಮ್ ಎಂಬ ಒಂದು ವಿವರಣಾ ಕಡತ. ಘಟಕದ ಹೆಸರು, ಆವೃತ್ತಿ, ಅವಲಂಬನೆಗಳು, ಬಳಸಬೇಕಾದ ಪ್ಲಗಿನ್‌ಗಳು ಇದರಲ್ಲಿರುತ್ತವೆ. ಒಂದು ಪಾಮ್ ಇನ್ನೊಂದನ್ನು ತನ್ನ ತಂದೆ ಎಂದು ಘೋಷಿಸಿಕೊಳ್ಳಬಹುದು. ಆಗ ತಂದೆಯಲ್ಲಿ ಬರೆದದ್ದೆಲ್ಲ ಮಗುವಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಲೈಬ್ರರಿಗಳ ಆವೃತ್ತಿಗಳ ಮಟ್ಟಿಗೆ ಇದು ಬಹಳ ಸೊಗಸಾದ ಏರ್ಪಾಡು. ಲಾಗ್‌ಫೋರ್‌ಜೆ ಪ್ರಸಂಗದಲ್ಲಿ ತಂದೆಯ ಒಂದು ಸಾಲು ತಿದ್ದಿ ನಿದ್ದೆ ಮಾಡಿದವರು ಇದ್ದಾರೆ. ಸಂಖ್ಯೆ ಎಲ್ಲಿ ಓದಿದರೂ ಸಂಖ್ಯೆಯೇ, ಅದಕ್ಕೆ ಊರು ಕೇರಿ ಇಲ್ಲ.

ಆದರೆ ಪೊಟ್ಟಣದ ವಿನ್ಯಾಸ ಸಂಖ್ಯೆಯಲ್ಲ, ಕಡತ. ಅದಕ್ಕೆ ವಿಳಾಸ ಇರುತ್ತದೆ. ಮೇವನ್‌ನಲ್ಲಿ ಈ ಕೆಲಸ ಮಾಡುವುದು ಅಸೆಂಬ್ಲಿ ಎಂಬ ಪ್ಲಗಿನ್. ಪೊಟ್ಟಣದಲ್ಲಿ ಏನಿರಬೇಕು, ಎಲ್ಲಿರಬೇಕು ಎಂದು ಹೇಳುವ ಡಿಸ್ಕ್ರಿಪ್ಟರ್ ಕಡತವನ್ನು ಅದಕ್ಕೆ ತೋರಿಸಬೇಕು. ನಮ್ಮ ವಿದ್ಯಾರ್ಥಿನಿ ಜಾಣೆ. ಡಿಸ್ಕ್ರಿಪ್ಟರನ್ನು ತಂದೆಯ ಕೋಶದಲ್ಲಿ ಇಟ್ಟು, ಅದರ ದಾರಿಯನ್ನು ತಂದೆಯ ಪಾಮ್‌ನಲ್ಲಿ ಬರೆದು, ಮೂರೂ ಘಟಕಗಳಿಗೆ ಅದೇ ಸಾಕು ಎಂದುಕೊಳ್ಳುತ್ತಾಳೆ. ಕಟ್ಟಲು ಆಜ್ಞೆ ಕೊಟ್ಟರೆ, ಡಿಸ್ಕ್ರಿಪ್ಟರ್ ಸಿಗಲಿಲ್ಲ ಎಂಬ ದೋಷಸೂಚನೆ ಬರುತ್ತದೆ. ಕಣ್ಣೆದುರಿಗೇ ಇರುವ ಕಡತ ಸಿಗಲಿಲ್ಲವೆಂದರೆ ಏನರ್ಥ?

ಅರ್ಥ ಇಷ್ಟೆ: ಮಗುವಿಗೆ ಬಂದದ್ದು ಕಡತವಲ್ಲ, ಕಡತದ ವಿಳಾಸ ಬರೆದ ಚೀಟಿ. "ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಉಪ್ಪಿನಕಾಯಿ ಭರಣಿ ಇದೆ" ಎಂದು ಅಪ್ಪ ಬರೆದಿಟ್ಟ ಚೀಟಿಯನ್ನು ಬೇರೆ ಸಂಸಾರ ಹೂಡಿದ ಮಗ ತನ್ನ ಮನೆಯಲ್ಲಿ ಓದುತ್ತಾನೆ. ತನ್ನ ಅಡುಗೆಮನೆಯ ಹಲಗೆಯನ್ನೇ ತಡಕುತ್ತಾನೆ. ಮೇವನ್ ಮೊದಲು ತಂದೆಯ ಮಾತನ್ನು ಮಗುವಿನ ಪಾಮ್‌ಗೆ ಸೇರಿಸುತ್ತದೆ, ದಾರಿಗಳ ಅರ್ಥವನ್ನು ಬಿಡಿಸುವುದು ಆಮೇಲೆ, ಅದೂ ಮಗು ಇರುವ ಕೋಶದಿಂದ. ಈ ಕ್ರಮಕ್ಕೆ ಕಾರಣವಿಲ್ಲದಿಲ್ಲ. ಮೂಲಸಂಕೇತ ಇಂಥ ಕೋಶದಲ್ಲಿರುತ್ತದೆ ಎಂದು ತಂದೆ ಹೇಳಿದಾಗ ಪ್ರತಿ ಮಗುವೂ ತನ್ನ ಮನೆಯ ಆ ಕೋಶವನ್ನೇ ನೋಡಬೇಕು, ತಂದೆಯ ಮನೆಯದನ್ನಲ್ಲ. ಹಾಗಾಗಿ ಇದನ್ನು ದೋಷವೆಂದು ಕರೆಯಲಾರೆ. ಆದರೆ 'ನನ್ನ ಮನೆಯಲ್ಲಿ' ಎಂಬುದಕ್ಕೂ 'ನಿನ್ನ ಮನೆಯಲ್ಲಿ' ಎಂಬುದಕ್ಕೂ ಬೇರೆ ಬೇರೆ ಮಾತು ಇಲ್ಲದ ಭಾಷೆಯನ್ನು ರೂಪಿಸಿದ್ದು ಖಂಡಿತ ಕೊರತೆ. ನನ್ನ ಮುಖ್ಯ ಆಕ್ಷೇಪ ಇದೇ.

ಈ ಕೊರತೆಗೆ ಜನ ಕಂಡುಕೊಂಡ ಅಡ್ಡದಾರಿಗಳನ್ನು ನೀವೂ ನೋಡಿರಬಹುದು. ಒಂದು, ದಾರಿಯ ಮುಂದೆ ಎರಡು ಚುಕ್ಕಿ ಹಾಕಿ 'ಒಂದು ಮೆಟ್ಟಿಲು ಮೇಲೆ ಹೋಗಿ ನೋಡು' ಎಂದು ಹೇಳುವುದು. ಘಟಕಗಳೆಲ್ಲ ಒಂದೇ ಆಳದಲ್ಲಿರುವ ತನಕ ಇದು ನಡೆಯುತ್ತದೆ. ಯಾರೋ ವರದಿ ಘಟಕವನ್ನು ಇನ್ನೊಂದು ಕೋಶದ ಒಳಗೆ ಸರಿಸಿದ ದಿನ ಮುರಿಯುತ್ತದೆ. ಇನ್ನೊಂದು, 'ತಂದೆಯ ಕೋಶ' ಎಂಬ ಚರಪದವನ್ನು ಬಳಸುವುದು. ತಂದೆ ಪಕ್ಕದಲ್ಲೇ ಇದ್ದರೆ ಸರಿ. ತಂದೆಯ ಪಾಮ್ ಭಂಡಾರದಿಂದ ಇಳಿದು ಬಂದದ್ದಾದರೆ ಅದಕ್ಕೆ ಕೋಶವೇ ಇರುವುದಿಲ್ಲ, ಚರಪದ ಖಾಲಿ. ಎರಡೂ ಉಪಾಯಗಳ ಹೂರಣ ಒಂದೇ: ಹಂಚಿಕೊಂಡಿದ್ದೇವೆ ಎಂದುಕೊಂಡು, ನಿಜವಾಗಿ ಡಿಸ್ಕಿನ ಮೇಲಿನ ಜೋಡಣೆಗೆ ಜೋತುಬೀಳುವುದು.

ಸರಿಯಾದ ದಾರಿ ಮೇವನ್‌ನಲ್ಲೇ ಇದೆ ಎಂಬುದನ್ನು ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಡಿಸ್ಕ್ರಿಪ್ಟರಿಗೇ ಒಂದು ಪ್ರತ್ಯೇಕ ಘಟಕ ಮಾಡಿ. ಅದರ ಸಂಪನ್ಮೂಲಗಳ ಕೋಶದೊಳಗೆ 'ಅಸೆಂಬ್ಲೀಸ್' ಎಂಬ ಹೆಸರಿನ ಕೋಶವಿಟ್ಟು ಡಿಸ್ಕ್ರಿಪ್ಟರನ್ನು ಅಲ್ಲಿ ಹಾಕಿ, ಒಂದು ಸಾಮಾನ್ಯ ಜಾರ್ ಆಗಿ ಕಟ್ಟಿ. ಆಮೇಲೆ ತಂದೆಯ ಪಾಮ್‌ನಲ್ಲಿ ಅಸೆಂಬ್ಲಿ ಪ್ಲಗಿನ್‌ಗೆ ಈ ಜಾರನ್ನು ಅವಲಂಬನೆಯಾಗಿ ಕೊಡಿ. ಗಮನಿಸಿ, ಘಟಕಕ್ಕೆ ಅಲ್ಲ, ಪ್ಲಗಿನ್‌ಗೆ. ಈಗ ಡಿಸ್ಕ್ರಿಪ್ಟರನ್ನು ದಾರಿಯಿಂದ ಕರೆಯುವ ಅಗತ್ಯವಿಲ್ಲ, ಹೆಸರಿನಿಂದ ಕರೆದರೆ ಸಾಕು. ಪ್ಲಗಿನ್ ತನ್ನ ಕ್ಲಾಸ್‌ಪಾತ್‌ನಲ್ಲಿ, ಎಂದರೆ ತನಗೆ ದೊರೆತ ಜಾರ್‌ಗಳ ಒಳಗೆ, ಆ ಹೆಸರನ್ನು ಹುಡುಕಿಕೊಳ್ಳುತ್ತದೆ. ಪ್ಲಗಿನ್ ಜೊತೆಗೇ ಬರುವ ನಾಲ್ಕು ಸಿದ್ಧ ಡಿಸ್ಕ್ರಿಪ್ಟರ್‌ಗಳೂ ಹೀಗೆ ಹೆಸರಿನಿಂದಲೇ ದೊರೆಯುವಂಥವು. ನಿಮ್ಮದು ಈಗ ಅವುಗಳ ಸಾಲಿಗೆ ಸೇರಿತು. ಭರಣಿಯ ವಿಳಾಸ ಬರೆದ ಚೀಟಿಯ ಬದಲು ಭರಣಿಯನ್ನೇ ಮಗನ ಮನೆಗೆ ಕಳಿಸಿದಂತಾಯಿತು.

ಇದರ ಇನ್ನೊಂದು ಲಾಭ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಜಾರ್‌ಗೆ ಆವೃತ್ತಿ ಸಂಖ್ಯೆ ಇದೆ. ಪೊಟ್ಟಣದ ವಿನ್ಯಾಸವನ್ನು ಬದಲಿಸಿದರೆ ಹೊಸ ಆವೃತ್ತಿ ಹೊರಡಿಸುತ್ತೀರಿ. ಬೇಕಾದವರು ಅದಕ್ಕೆ ಏರುತ್ತಾರೆ, ಉಳಿದವರು ಹಳೆಯದರಲ್ಲೇ ಇರುತ್ತಾರೆ. ಒಬ್ಬರ ತಿದ್ದುಪಡಿಯಿಂದ ಇನ್ನೊಬ್ಬರ ಪೊಟ್ಟಣ ರಾತ್ರೋರಾತ್ರಿ ಕೆಡುವುದಿಲ್ಲ. ಆದರೆ ಆ ಜಾರನ್ನು 'ಸ್ನ್ಯಾಪ್‌ಶಾಟ್' ಎಂಬ ತಾತ್ಕಾಲಿಕ ಆವೃತ್ತಿಯಲ್ಲೇ ವರ್ಷಗಟ್ಟಲೆ ಓಡಿಸಿದರೆ ಈ ಲಾಭವೆಲ್ಲ ಹೋಯಿತು. ಸ್ನ್ಯಾಪ್‌ಶಾಟ್ ಎಂದರೆ ಇಂದು ಇದ್ದದ್ದು ನಾಳೆ ಅದೇ ಹೆಸರಿನಲ್ಲಿ ಬೇರೆಯಾಗಿರಬಹುದು ಎಂಬ ಒಪ್ಪಂದ.

ಇಷ್ಟಾದರೂ ಇದು ಅರ್ಧ ದಾರಿ ಮಾತ್ರ. ಡಿಸ್ಕ್ರಿಪ್ಟರೇನೋ ಜಾರ್‌ನಲ್ಲಿ ಬಂತು. ಅದರ ಒಳಗೆ 'ಪರವಾನಗಿ ಪತ್ರವನ್ನು ಸೇರಿಸು' ಎಂದು ಬರೆದಿರುತ್ತೀರಲ್ಲ, ಆ ಪತ್ರ ಎಲ್ಲಿದೆ? ಮತ್ತೆ ಅದೇ ಕಥೆ. ಆ ದಾರಿಯನ್ನೂ ಮೇವನ್ ಮಗುವಿನ ಕೋಶದಿಂದಲೇ ಓದುತ್ತದೆ. ಕೈಪಿಡಿಯ ಉದಾಹರಣೆಯನ್ನು ನೋಡಿ ಡಿಸ್ಕ್ರಿಪ್ಟರನ್ನು ಹಂಚಿಕೊಂಡವರು ಇಲ್ಲಿ ಬಂದು ಸಿಕ್ಕಿಕೊಳ್ಳುತ್ತಾರೆ. ಕೊನೆಗೆ ಪರವಾನಗಿ ಪತ್ರವನ್ನೂ ಸ್ಕ್ರಿಪ್ಟನ್ನೂ ಪ್ರತಿ ಘಟಕಕ್ಕೆ ನಕಲು ಮಾಡುತ್ತಾರೆ. ನಕಲನ್ನು ಮುಂಬಾಗಿಲಿನಿಂದ ಓಡಿಸಿ ಹಿತ್ತಿಲಿನಿಂದ ಕರೆದಂತೆ. ಪರಿಹಾರ ಹಿಂದಿನದೇ: ಸಾಮಾನ್ಯ ಕಡತಗಳನ್ನೂ ಜಾರ್‌ನಲ್ಲಿಟ್ಟು, ಕಟ್ಟುವ ಮೊದಲು ಘಟಕದ ಕೆಲಸದ ಕೋಶಕ್ಕೆ ಬಿಚ್ಚಿಕೊಳ್ಳಬೇಕು. ಇದಕ್ಕೆಂದೇ ರಿಮೋಟ್ ರಿಸೋರ್ಸಸ್ ಎಂಬ ಇನ್ನೊಂದು ಪ್ಲಗಿನ್ ಇದೆ. ಅಪಾಚೆಯ ಯೋಜನೆಗಳು ತಮ್ಮ ಪರವಾನಗಿ ಮತ್ತು ಸೂಚನಾ ಪತ್ರಗಳನ್ನು ಜಾರ್‌ಗಳಿಗೆ ಸೇರಿಸಲು ಇದನ್ನು ಬಳಸಿಕೊಂಡು ಬಂದಿವೆ. ಒಂದು ಜಿಪ್ ಕಡತ ಕಟ್ಟಲು ಮೂರು ಪ್ಲಗಿನ್, ಒಂದು ಹೆಚ್ಚುವರಿ ಘಟಕ! ಆರು ಘಟಕಗಳ ವಿದ್ಯಾರ್ಥಿ ಯೋಜನೆಗೆ ಇದು ಭಾರವಲ್ಲವೇ ಎಂದು ನೀವು ಕೇಳಿದರೆ, ಹೌದು, ಭಾರವೇ.

ಆದುದರಿಂದ ಹಂಚಿಕೆಯ ಪ್ರಶ್ನೆಗೆ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಪೊಟ್ಟಣಗಳು ಎಷ್ಟು ಬೇಕು? ಅನೇಕ ಯೋಜನೆಗಳಲ್ಲಿ ಆರು ಘಟಕಗಳಿಂದ ಕೊನೆಗೆ ಹೊರಬೀಳಬೇಕಾದದ್ದು ಒಂದೇ ಪೊಟ್ಟಣ. ಹಾಗಿದ್ದರೆ ಹಂಚುವ ಮಾತೇ ಇಲ್ಲ. 'ವಿತರಣೆ' ಎಂಬ ಏಳನೆಯ ಘಟಕ ಮಾಡಿ, ಉಳಿದವುಗಳನ್ನು ಅದರ ಅವಲಂಬನೆಗಳಾಗಿ ಬರೆದು, ಡಿಸ್ಕ್ರಿಪ್ಟರನ್ನು ಅಲ್ಲೊಂದೇ ಕಡೆ ಇಡಿ. ಈ ಕೆಲಸವನ್ನು ತಂದೆಗೇ ಒಪ್ಪಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಪ್ಪಿಸಲಾಗದು. ಮಕ್ಕಳು ತಂದೆಯಿಂದ ಪಡೆಯುವುದರಿಂದ ತಂದೆಯ ಸರದಿ ಮೊದಲು ಬರುತ್ತದೆ. ಅವನು ಪೊಟ್ಟಣ ಕಟ್ಟಲು ಕೂತಾಗ ಮಕ್ಕಳ ಜಾರ್‌ಗಳು ಇನ್ನೂ ಹುಟ್ಟಿಯೇ ಇರುವುದಿಲ್ಲ.

ತಂದೆಯ ಪಾಮ್‌ನಲ್ಲಿ ಎಲ್ಲಿ ಬರೆಯಬೇಕು ಎಂಬುದೂ ಮುಖ್ಯ. ಪ್ಲಗಿನ್‌ಗಳ ನೇರ ಪಟ್ಟಿಯಲ್ಲಿ ಬರೆದರೆ ಎಲ್ಲ ಮಕ್ಕಳೂ ಪೊಟ್ಟಣ ಕಟ್ಟತೊಡಗುತ್ತಾರೆ, ಬೇಡದವರೂ ಸಹ. ಡಿಸ್ಕ್ರಿಪ್ಟರ್ ಇರುವ ಘಟಕವೂ ಅದೇ ತಂದೆಯ ಮಗುವಾಗಿದ್ದರೆ, ತಾನು ಹುಟ್ಟಲು ತಾನೇ ಬೇಕು ಎಂಬ ಸುತ್ತಿಗೆ ಸಿಲುಕುವ ಅಪಾಯವೂ ಉಂಟು. ಇದಕ್ಕಾಗಿ 'ಪ್ಲಗಿನ್ ನಿರ್ವಹಣೆ' ಎಂಬ ಬೇರೆ ವಿಭಾಗವಿದೆ. ಅಲ್ಲಿ ಬರೆದದ್ದು ತಾನಾಗಿ ಓಡುವುದಿಲ್ಲ. ಮಗು ಆ ಪ್ಲಗಿನ್‌ನ ಹೆಸರು ಹೇಳಿದಾಗ ಮಾತ್ರ ತಂದೆಯ ಸಂರಚನೆ ಅದಕ್ಕೆ ಅಂಟಿಕೊಳ್ಳುತ್ತದೆ. ಮಗುವಿನ ಪಾಮ್‌ನಲ್ಲಿ ನಾಲ್ಕು ಸಾಲು ಹೆಚ್ಚಾಗುತ್ತದೆ ನಿಜ. ಆದರೆ ಆ ನಾಲ್ಕು ಸಾಲನ್ನು ಓದಿದವರಿಗೆ ಈ ಘಟಕದಿಂದ ಪೊಟ್ಟಣ ಹೊರಬೀಳುತ್ತದೆ ಎಂದು ತಿಳಿಯುತ್ತದೆ. ಓದುವವರ ಅನುಕೂಲ ಇದರಲ್ಲೇ ಇದೆ. ಇನ್ನೊಂದು ಸಣ್ಣ ಮುಳ್ಳು: ತಂದೆ ಕೊಟ್ಟ ಪಟ್ಟಿಗೆ ಮಗು ಒಂದು ಅಂಶ ಸೇರಿಸಬಯಸಿ ಅದೇ ಹೆಸರಿನ ಪಟ್ಟಿ ಬರೆದರೆ, ಅದು ತಂದೆಯ ಪಟ್ಟಿಯ ಬಾಲಕ್ಕೆ ತಾನಾಗಿ ಜೋಡಣೆಯಾಗದು. ಜೋಡಿಸು ಎಂದು ವಿಶೇಷ ಗುರುತು ಹಾಕಿ ಹೇಳಬೇಕು.

ಮೇವನ್‌ನ ಕುಟುಂಬ ಪದ್ಧತಿಯ ಮೇಲೆ ನನ್ನದು ಇನ್ನೂ ಒಂದು ದೂರು. ಮಗುವಿಗೆ ತಂದೆ ಒಬ್ಬನೇ. ಪೊಟ್ಟಣದ ಕ್ರಮವನ್ನು ಒಂದು ಕಡೆಯಿಂದ, ಪರೀಕ್ಷೆಯ ಕ್ರಮವನ್ನು ಇನ್ನೊಂದು ಕಡೆಯಿಂದ ಪಡೆಯುವಂತಿಲ್ಲ. 2008ರ 2.0.9 ಆವೃತ್ತಿಯಲ್ಲಿ ಬೇರೆ ಪಾಮ್‌ನಿಂದ ಆಮದು ಮಾಡಿಕೊಳ್ಳುವ ಸೌಲಭ್ಯ ಬಂತು, ಆದರೆ ಲೈಬ್ರರಿಗಳ ಆವೃತ್ತಿ ಪಟ್ಟಿಗೆ ಮಾತ್ರ. 2010ರಲ್ಲಿ ಬಂದ ಮೇವನ್ 3ರ ಇಡೀ ಪೀಳಿಗೆಯಲ್ಲೂ ಪ್ಲಗಿನ್ ಸಂರಚನೆಗೆ ಆ ಸೌಲಭ್ಯ ದೊರೆಯಲಿಲ್ಲ. ಪರಿಣಾಮವಾಗಿ ಸಂಸ್ಥೆಗಳಲ್ಲಿ ತಂದೆಯ ಪಾಮ್ ಊದಿಕೊಳ್ಳುತ್ತ ಹೋಗುತ್ತದೆ. ಯಾರಿಗೋ ಒಮ್ಮೆ ಬೇಕಾದದ್ದು ಎಲ್ಲರ ಪಾಲಿಗೂ ಬರುತ್ತದೆ. ತೆಗೆದುಹಾಕಲು ಯಾರಿಗೂ ಧೈರ್ಯವಿಲ್ಲ. ಗ್ರೇಡಲ್ ಎಂಬ ಪ್ರತಿಸ್ಪರ್ಧಿ ಸಾಧನದಲ್ಲಿ ಇಂಥ ಕ್ರಮಗಳನ್ನು ಚಿಕ್ಕ ಚಿಕ್ಕ ಪ್ಲಗಿನ್‌ಗಳಾಗಿ ಬರೆದು, ಘಟಕಕ್ಕೆ ಬೇಕಾದಷ್ಟನ್ನು ಅನ್ವಯಿಸಿಕೊಳ್ಳಬಹುದು. ಅದು ಹೆಚ್ಚು ಸಹಜ. ಆದರೆ ಅಲ್ಲಿ ಸಂರಚನೆಯೇ ಒಂದು ಕ್ರಮವಿಧಿ, ಅದಕ್ಕೂ ತಪ್ಪುಗಳು ತಗಲುತ್ತವೆ. 'ಎಲ್ಲ ಉಪಯೋಜನೆಗಳಿಗೂ' ಎಂದು ಮೇಲಿನಿಂದ ಹೇರುವ ಪದ್ಧತಿಯನ್ನು ಗ್ರೇಡಲ್‌ನ ಕೈಪಿಡಿಯೇ ಈಗ ಬೇಡವೆನ್ನುತ್ತದೆ. ಮೇವನ್‌ನ ಪಾಮ್ ಬಡವಾದರೂ ಓದಲು ಸುಲಭ ಎಂಬುದು ನನ್ನ ಅನಿಸಿಕೆ. ಕಲಿಯುವವರಿಗೆ ನಾನು ಇಂದೂ ಅದನ್ನೇ ಮೊದಲು ಕೊಡುತ್ತೇನೆ.

ಅಧ್ಯಾಪಕರು ತರಗತಿಯಲ್ಲಿ ಮಾಡಿಸಬಹುದಾದ ಎರಡು ಪ್ರಯೋಗಗಳಿವೆ. ಮೊದಲನೆಯದಕ್ಕೆ ಮೇವನ್‌ನ ಹೆಲ್ಪ್ ಪ್ಲಗಿನ್ ಸಾಕು. ಅದಕ್ಕೆ 'ಎಫೆಕ್ಟಿವ್ ಪಾಮ್' ತೋರಿಸು ಎಂದರೆ, ತಂದೆ ತಾತಂದಿರಿಂದ ಬಂದದ್ದೆಲ್ಲ ಸೇರಿ ಈ ಘಟಕಕ್ಕೆ ನಿಜವಾಗಿ ಅನ್ವಯವಾಗುವ ಸಂರಚನೆ ತೆರೆಯ ಮೇಲೆ ಬರುತ್ತದೆ. ಹತ್ತು ಸಾಲಿನ ಪಾಮ್ ನೂರಾರು ಸಾಲಾಗಿ ಬಿಚ್ಚಿಕೊಳ್ಳುವುದನ್ನು ವಿದ್ಯಾರ್ಥಿಗಳು ಒಮ್ಮೆ ಕಣ್ಣಾರೆ ನೋಡಬೇಕು. ಅಸೆಂಬ್ಲಿ ಪ್ಲಗಿನ್‌ನ ಭಾಗದಲ್ಲಿ ಕಡತದ ದಾರಿ ಇದೆಯೋ ಬರಿಯ ಹೆಸರಿದೆಯೋ ಎಂದು ಅವರೇ ಹುಡುಕಲಿ.

ಎರಡನೆಯದು ಸ್ವಲ್ಪ ಕಠಿಣ. ತಂದೆ ಮತ್ತು ಡಿಸ್ಕ್ರಿಪ್ಟರ್ ಘಟಕಗಳನ್ನು ಗಣಕದ ಸ್ಥಳೀಯ ಭಂಡಾರಕ್ಕೆ ಸೇರಿಸಿದ ಮೇಲೆ, ವರದಿ ಘಟಕದ ಕೋಶವೊಂದನ್ನೇ ಎತ್ತಿ ಬೇರೆಲ್ಲೋ ಇಟ್ಟು ಅಲ್ಲಿಂದ ಕಟ್ಟಿಸಿ. ಪಕ್ಕದಲ್ಲಿ ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ. ಕೈಲಿ ಆವೃತ್ತಿ ಸಂಖ್ಯೆಗಳಿರುವ ಪಾಮ್ ಮಾತ್ರ. ಪೊಟ್ಟಣ ಹೊರಬಂದರೆ ಅದನ್ನು ಬಿಚ್ಚಿ, ಪರವಾನಗಿ ಪತ್ರ ಒಳಗಿದೆಯೇ ನೋಡಿ. ಬಾರದಿದ್ದರೆ ದೋಷಸೂಚನೆಯಲ್ಲಿ ಒಂದು ದಾರಿ ಕಾಣಿಸುತ್ತದೆ. ಅದನ್ನು ಯಾರು ಬರೆದರು, ಯಾವ ಮನೆಯಲ್ಲಿ ನಿಂತು ಬರೆದರು ಎಂದು ವಿದ್ಯಾರ್ಥಿಗಳನ್ನು ಕೇಳಿ.